ಹಗೇವಿನಲ್ಲಿಟ್ಟ ಗಾಡಿ

ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಮಾತಾಡುವಂತಿರಲಿಲ್ಲ. ಈಗಿನ ಹುಡುಗರಿಗೆ ಹೇಳಿದರೆ ದೇವರ ಮೇಲಿನ ಭಕ್ತಿ ಅಂದುಕೊಳ್ಳುತ್ತಾರೆ. ಭಕ್ತಿಯೂ ಅಲ್ಲ, ಗಿಕ್ತಿಯೂ ಅಲ್ಲ. ಆಯಿ, ಅಂದರೆ ನಮ್ಮಪ್ಪನ ತಾಯಿ, ಬತ್ತಿ ಹೊಸೆದು ದೀಪ ಹಚ್ಚಿ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಬಲಗೈ ಎತ್ತುತ್ತಿದ್ದಳು. ಕೈ ಎತ್ತಿದಳೆಂದರೆ ಮುಗಿಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕು, ಅಪ್ಪ ಬಾಯೊಳಗಿನ ಎಲೆ-ಅಡಿಕೆಯನ್ನು ಒಂದು ದವಡೆಗೆ ಒತ್ತಿಟ್ಟುಕೊಳ್ಳಬೇಕು, ನಾನು ಅಳುತ್ತಿದ್ದರೆ ಅಳುವನ್ನು ಅರ್ಧಕ್ಕೇ ನುಂಗಬೇಕು. ಆಗ ಹಳ್ಳದ ಕಡೆಯಿಂದ ಬರುತ್ತಿತ್ತು. ದುಬ್, ದುಬ್, ದುಬ್. ದೂರದಿಂದ ಹತ್ತಿರ ಬಂದಂತೆ, ಊರ ಅಗಸಿಬಾಗಿಲ ತನಕ ಬಂದಂತೆ, ಅಲ್ಲೇ ಯಾರೋ ನಿಲ್ಲಿಸಿದಂತೆ. ಆಮೇಲೆ ಏನೂ ಇಲ್ಲ. ನಾವೆಲ್ಲ ಬಾಗಿಲ ಕಡೆ ನೋಡುತ್ತಿದ್ದೆವು. ಬಾಗಿಲಲ್ಲಿ ಯಾರೂ ಬರುತ್ತಿರಲಿಲ್ಲ.

"ಬಂದ," ಅನ್ನುತ್ತಿದ್ದಳು ಆಯಿ. "ತಾಟ ಬಡಸ್ರಿ."

ಎರಡು ಬಿಸಿ ರೊಟ್ಟಿ, ಒಂದು ಸೌಟು ಬ್ಯಾಳಿ, ಪುಂಡಿಪಲ್ಯ, ಸೇಂಗಾಹಿಂಡಿ. ಅದರ ಮೇಲೆ ಇನ್ನೊಂದು ತಾಟು ಮುಚ್ಚಿ ಬಾಗಿಲ ಒಳಮಗ್ಗುಲಿಗೆ ಇಡುತ್ತಿದ್ದರು. ಅದು ಸಿದ್ರಾಮ ಕಾಕಾನ ಪಾಲು. ಕಾಕಾ ಅಪ್ಪನ ತಮ್ಮ. ಅವನನ್ನು ಭೀಮಾ ನದಿ ಒಯ್ದಿತು ಎಂದು ಊರು ಅನ್ನುತ್ತಿತ್ತು. ಒಯ್ದಿಲ್ಲ ಎಂದು ಆಯಿ ಅನ್ನುತ್ತಿದ್ದಳು. ಬೆಳಗಾದ ಮೇಲೆ ಆರಿದ ತಾಟನ್ನು ಎತ್ತಿ ಎಮ್ಮೆಯ ಗ್ವಾದಲಿಗೆ ಹಾಕುವುದು ಕಾಕಾನ ಹೆಂಡತಿ ಕಸ್ತೂರಿ ಕಾಕಿಯ ಕೆಲಸ. ಮನೆಯಲ್ಲಿ ಎಲ್ಲರಿಗೂ ಆ ಸಪ್ಪಳ ಕೇಳುತ್ತಿತ್ತು. ಅಪ್ಪ ಬಾಯಿ ಬಿಟ್ಟು ಒಪ್ಪುತ್ತಿರಲಿಲ್ಲ, ಆದರೆ ಅವನ ತೊಡೆಯ ಮೇಲಿನ ಬೆರಳು ದುಬ್-ದುಬ್ ಅನ್ನುವುದಕ್ಕೆ ಸರಿಯಾಗಿ ಅಲುಗುವುದನ್ನು ನಾನು ಕಂಡಿದ್ದೆ. ಕೇಳದವಳು ಕಾಕಿ ಒಬ್ಬಳೇ. ಆಯಿ ದಿನಾ ಅವಳನ್ನು ಕೇಳುತ್ತಿದ್ದಳು, ಅವಳು ದಿನಾ ಅದನ್ನೇ ಹೇಳುತ್ತಿದ್ದಳು.

"ನನಗೇನೂ ಕೇಳಸಲಿಲ್ರಿ ಅತ್ತಿ."

"ಕಟ್ಟಿಕೊಂಡಾಕಿಗೇ ಕೇಳಸಲಿಲ್ಲ ಅಂದ್ರ ಅದು ಕಿವಿ ಏನ ಬೇ, ಗ್ವಾಡಿ ತೂತು."

ಮಾದನಹಿಪ್ಪರಗಾದ ನಮ್ಮ ಮನೆ ದೊಡ್ಡದು ಎಂದು ಜನ ಅನ್ನುತ್ತಿದ್ದರು. ದೊಡ್ಡದಲ್ಲ, ಕತ್ತಲೆ ಹೆಚ್ಚಿತ್ತು. ಗೋಡೆ ಎಲ್ಲಿ ಮುಗಿಯಿತು ಎಂದು ಗೊತ್ತಾಗುತ್ತಿರಲಿಲ್ಲ. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಅಂಕಣ, ಮೆಟ್ಟಿಲು ಹತ್ತಿದರೆ ಫರಸಿಕಲ್ಲು ಹಾಸಿದ ಪಡಸಾಲೆ, ಅದರಾಚೆ ಅಡಿಗೆಮನೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬಿಸಿಲು. ಹಿತ್ತಲಲ್ಲಿ ಬೇವಿನ ಮರ, ಅದರ ಬುಡದಲ್ಲಿ ಹಗೇವು. ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕೆಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಮಾತ್ರ ಕೋಣೆಯಷ್ಟು. ನಮ್ಮದರ ಬಾಯಿಗೆ ಬಂಡೆ ಎಳೆದು, ಮಣ್ಣು ಮೆತ್ತಿ, ಸಗಣಿ ಸಾರಿಸಿ ಮುಚ್ಚಿದ್ದರು. ಊರಲ್ಲೆಲ್ಲ ಹಗೇವು ತೆರೆದು ಜೋಳ ತೆಗೆದರೂ ನಮ್ಮ ಹಗೇವು ತೆರೆಯುತ್ತಿರಲಿಲ್ಲ. ಅದರ ಮೇಲೆ ಆಡಿದರೆ ಅವ್ವ ಬಂದು ರಟ್ಟೆ ಹಿಡಿದು ಎಳೆಯುತ್ತಿದ್ದಳು. ಯಾಕೆ ಎಂದು ಕೇಳಿದರೆ ಬಾಯಿ ಮುಚ್ಚು ಅನ್ನುತ್ತಿದ್ದಳು. ನಾನು ಬಾಯಿ ಮುಚ್ಚುವವಳಲ್ಲ. ಈ ವಯಸ್ಸಿನಲ್ಲೂ ಅಲ್ಲ. ಕೇಳಿ ಕೇಳಿ ಒಂದು ದಿನ ಕಾಕಿಯಿಂದಲೇ ಹೇಳಿಸಿಕೊಂಡೆ.

ಕಾಕಾ ಮಿಲ್ಲಿನ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದವನು ಕೆಲಸ ಬಿಟ್ಟು ಒಂದು ಮೋಟರ್‌ಸೈಕಲ್ ತಗೊಂಡು ಬಂದನಂತೆ. ಅದೂ ಎಂಥದು? ಎತ್ತರಕ್ಕೆ, ಬಡಕಲಾಗಿ, ಗೇಣಗಲದ ಸೀಟು, ಮುಂದೆ ದೀಪವಿಲ್ಲ, ಗಾಲಿಯ ಮೈತುಂಬ ಮೆಕ್ಕೆತೆನೆಯಂಥ ಗುಬುಟು. ಬಿಳಿ ಎಂಜಿನಿಯರ ಒಬ್ಬ ತನ್ನ ಆಟಕ್ಕೆಂದು ವಿಲಾಯತಿಯಿಂದ ತರಿಸಿ ಬಿಟ್ಟುಹೋದದ್ದು. ಕಾಲು ನೆಲಕ್ಕೆ ಊರದೆ ಕಲ್ಲು ಬಂಡೆ ಹಳ್ಳ ಹತ್ತಿಳಿಯುವುದೇ ಆ ಆಟ. ಮಂದಿ ಕೇಳಿದರಂತೆ, ಹತ್ತಿದರೆ ಏನು ಸಿಗುತ್ತದೆ ಎಂದು. ಏನೂ ಸಿಗಂಗಿಲ್ಲ ಎಂದು ಕಾಕಾ ನಕ್ಕನಂತೆ. ಮಟಕಿ ಕಡೆಯ ಕಲ್ಲುಹಳ್ಳದಲ್ಲಿ ಬಂಡೆ ಹತ್ತಿ, ಅದರ ನೆತ್ತಿಯ ಮೇಲೆ ಗಾಡಿಯನ್ನು ಅಲುಗದಂತೆ ನಿಲ್ಲಿಸಿಕೊಂಡು ತಾನೂ ಅಲುಗದೆ ನಿಲ್ಲುತ್ತಿದ್ದ. ಒಂದು ಮಳೆಗಾಲ ಅಫಜಲಪುರದಾಚೆ ಭೀಮಾ ನದಿಯ ದಂಡೆಗೆ ಹೋದ. ಆ ಸಂಜೆ ಬರಲಿಲ್ಲ. ಹೊಳೆ ಇಳಿದ ಮೇಲೆ ಮೀನು ಹಿಡಿಯುವವರು ನೋಡಿದರೆ, ನಡುಹೊಳೆಯ ಕರಿಬಂಡೆಯ ನೆತ್ತಿಯ ಮೇಲೆ ಗಾಡಿ ನೆಟ್ಟಗೆ ನಿಂತಿತ್ತು. ಹಿಡಿಕೆಗೆ ಕಾಕಾನ ರುಮಾಲು ಬಿಗಿದು ಸುತ್ತಿತ್ತು. ಮನುಷ್ಯ ಇರಲಿಲ್ಲ, ಮೈಯೂ ಸಿಗಲಿಲ್ಲ. ಪ್ರವಾಹದಲ್ಲಿ ಬಂಡೆಗಳೇ ಉರುಳುತ್ತವೆ, ಇದು ಹೇಗೆ ನಿಂತಿತು ಎಂದು ಮೀನು ಹಿಡಿಯುವವರು ಅದನ್ನು ಮುಟ್ಟಲಿಲ್ಲ. ಅಪ್ಪನೇ ಹೋಗಿ ಬಂಡಿಯ ಮೇಲೆ ಹೇರಿಕೊಂಡು ಬಂದ.

ಆಯಿ ಅದನ್ನು ಅಂಗಳದಲ್ಲಿ ನಿಲ್ಲಿಸಗೊಡಲಿಲ್ಲ. ಅದರ ಎರಡು ಗಾಲಿ ಒಂದು ಸೂರಿನ ಕೆಳಗೆ ಇರಕೂಡದು, ಬಿಚ್ಚಿ ಒಗೆಯಿರಿ ಅಂದಳು. ಒಗೆಯಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬಿಚ್ಚಿದರು, ಒಂದೊಂದನ್ನು ಒಂದೊಂದು ಕಡೆ ಇಟ್ಟರು. ಎಂಜಿನ್ನು ಹಗೇವಿಗೆ ಹೋಯಿತು. ಉಳಿದದ್ದು ಕಾಲಕ್ರಮದಲ್ಲಿ ಸಂಸಾರದೊಳಗೆ ಸೇರಿಹೋಯಿತು. ಪೆಟ್ರೋಲಿನ ಟ್ಯಾಂಕಿನಲ್ಲಿ ಅವ್ವ ರೇಶನ್ನಿನ ಚಿಮಣಿಎಣ್ಣೆ ತುಂಬಿಡುತ್ತಿದ್ದಳು. ಹ್ಯಾಂಡಲ್ ಗೋಡೆಗೆ ಬಡಿದು ಅದರ ಮೇಲೆ ಕೌದಿ ಹಾಕುತ್ತಿದ್ದರು. ಬಚ್ಚಲೊಲೆಯ ಹೊಗೆ ಹೋಗುವುದಕ್ಕೆ ಹೊಂದಿಸಿದ್ದು ಅದರ ಸೈಲೆನ್ಸರ್ ಕೊಳವೆ. ಅಂದರೆ ನಾನು ಹುಟ್ಟಿದಾಗಿನಿಂದ ಆ ಗಾಡಿಯನ್ನು ಮುಟ್ಟಿ, ಒರಗಿ, ಅದರ ಎಣ್ಣೆಯ ಬೆಳಕಿನಲ್ಲಿ ಉಂಡು ಬೆಳೆದಿದ್ದೆ. ಅದು ಗಾಡಿ ಎಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೌದಿ ತೆಗೆಯಲು ಹೋದರೆ ಯಾರದೋ ಎರಡು ಕೈ ಚಾಚಿದ್ದವು ಅನ್ನಿಸಿ ಹಿಂದೆ ಸರಿಯುತ್ತಿದ್ದೆ.

ಕಾಕಿಯ ಪಾಡು ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಮದುವೆಯಾಗಿ ಎರಡು ಉಗಾದಿ ಕಾಣುವಷ್ಟರಲ್ಲಿ ಗಂಡ ಹೋಗಿದ್ದ. ಕೈತುಂಬ ಹಸಿರು ಬಳೆ ಇದ್ದವು, ಕೊರಳಲ್ಲಿ ತಾಳಿ ಇತ್ತು. ಆದರೆ ಯಾರದಾದರೂ ಮನೆಯಲ್ಲಿ ಉಡಿ ತುಂಬುವಾಗ ಕುಂಕುಮದ ಬಟ್ಟಲು ಹಿಡಿದ ಹೆಣ್ಣುಮಗಳು ಅವಳ ಮುಂದೆ ಬಂದು ತಡೆಯುತ್ತಿದ್ದಳು. ಹಚ್ಚಲೋ ಬೇಡವೋ ಎಂದು ಆ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಕಾಕಿ ತಾನೇ ಎದ್ದು, ನೀರು ಕುಡಿಯುವ ನೆವ ಮಾಡಿ ಒಳಗೆ ಹೋಗುತ್ತಿದ್ದಳು. ಬಸವಣ್ಣನ ಹೆಸರು ಹೇಳಿ ವಿಭೂತಿ ಹಚ್ಚುವ ಮಂದಿ ನಾವು, ಗಂಡ ಸತ್ತವಳಿಗೆ ಉಡಿಕಿ ಮಾಡಿ ಇನ್ನೊಂದು ಮನೆಗೆ ಕಳಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇತ್ತು. ಸತ್ತಿದ್ದರೆ ತಾನೇ? ದಿನಾ ಸಂಜೆ ಅಗಸಿಯ ತನಕ ಬರುವವನನ್ನು ಸತ್ತ ಎಂದು ಯಾರು ಅನ್ನಬೇಕು?

ನೆಲೋಗಿಯಿಂದ ಕಾಕಿಯ ಅಣ್ಣ ಬಂದ ದಿನ ಇದು ಸ್ಫೋಟವಾಯಿತು. ಅವನು ಉಂಡು ಕೈತೊಳೆದು, ರುಮಾಲಿನಲ್ಲಿ ಬಾಯಿ ಒರೆಸಿಕೊಂಡು, ತಮ್ಮ ಊರಲ್ಲೇ ಒಬ್ಬ ಹೆಂಡತಿ ಇಲ್ಲದವನಿದ್ದಾನೆ, ತೊಗರಿ ಹೊಲ ಇದೆ, ತಂಗಿಯನ್ನು ಕೇಳುತ್ತಿದ್ದಾನೆ ಎಂದ. ಆಯಿ ಎದ್ದು ಅವನ ಮುಂದಿದ್ದ ನೀರಿನ ತಂಬಿಗೆಯನ್ನು ತೆಗೆದುಕೊಂಡಳು. ಅದಕ್ಕಿಂತ ದೊಡ್ಡ ಬೈಗಳ ನಮ್ಮ ಕಡೆ ಇಲ್ಲ.

"ಗಂಡ ಇದ್ದಾಕಿಗೆ ಗಂಡ ಹುಡಕಾಕ ಬಂದೀಯೇನಪಾ? ನನ್ನ ಮಗ ದಿನಾ ಬರ್ತಾನ."

ಕಾಕಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಹಿಟ್ಟಾಗಿತ್ತು. ಅವಳು ಆಯಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಹಂಗಾದ್ರ ಗಾಡಿ ಕೂಡಸ್ರಿ ಅತ್ತಿ. ಅಂಗಳದಾಗ ಚಾಲೂ ಮಾಡ್ರಿ. ನೀವು ದಿನಾ ಕೇಳೂ ಸಪ್ಪಳ ಅದರದೇ ಇದ್ರ, ನಾ ಸಾಯೂತನಕಾ ಇದೇ ಮನ್ಯಾಗ ತಾಟ ಬಡಸ್ತೇನಿ. ಅದರದು ಅಲ್ಲಂದ್ರ ನನ್ನ ಬಿಡ್ರಿ."

ಆಯಿ ಸೌದೆ ತೆಗೆದುಕೊಂಡು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಅವಳ ಮುಖದಲ್ಲಿ ಒಂದು ಬೆಳಕು ಬಂದಿತ್ತು, ನನಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

"ಖರೇ ಅಂದಿ ಬೇ. ಅಗಸಿಗೆ ಬಂದು ಯಾಕ ನಿಲ್ತಾನ ಅಂತ ಇಷ್ಟ ವರ್ಷ ನನಗ ತಿಳೀಲಿಲ್ಲ ನೋಡು. ಅವನ ಗಾಡಿ ನಾವು ತುಂಡತುಂಡ ಮಾಡಿ ಇಟ್ಟೇವಿ. ಹ್ಯಾಂಗ ಒಳಗ ಬರ್ತಾನ? ಕೂಡಸ್ರಿ. ಕೂಡಸ್ರಿ."

ಹೀಗೆ ಅತ್ತೆ-ಸೊಸೆ ಇಬ್ಬರೂ ಒಂದೇ ಕೆಲಸಕ್ಕೆ ಸೆರಗು ಕಟ್ಟಿದರು. ಒಬ್ಬಳಿಗೆ ಅವನು ಬರಬೇಕಿತ್ತು, ಒಬ್ಬಳಿಗೆ ಅವನು ಮುಗಿಯಬೇಕಿತ್ತು. ಅಪ್ಪ ಬ್ಯಾಡ ಅಂದು ನೋಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವನಿಗೆ ಮಾತ್ರ ಟ್ಯಾಂಕಿನದೇ ಚಿಂತೆ. ಚಿಮಣಿಎಣ್ಣೆ ಯಾವುದರಲ್ಲಿ ತುಂಬಲಿ ಎಂದು ಇಡೀ ದಿನ ಗೊಣಗಿದಳು. ನಾನು ಮತ್ತು ಕಾಕಿ ಮನೆಯೆಲ್ಲ ಜಾಲಾಡಿದೆವು. ಒಂದು ಗಾಲಿ ದನದ ಅಂಕಣದ ತೊಲೆಗೆ ನೇತಾಡುತ್ತಿತ್ತು, ಅದರ ಕಡ್ಡಿಗಳ ನಡುವೆ ಗುಬ್ಬಿ ಗೂಡು ಕಟ್ಟಿತ್ತು. ಇನ್ನೊಂದು ಬಣವೆಯ ಕೆಳಗೆ ಸಿಕ್ಕಿತು. ಚೈನು ಬಾವಿಯ ಕೊಡಕ್ಕೆ ಸೇರಿತ್ತು. ಕೊಳವೆ ಒಲೆಯಿಂದ ಕೀಳುವಾಗ ಮೊಣಕೈ ತನಕ ಮಸಿಯಾಯಿತು. ಬೆಂಕಿಗೆ ಅಲ್ಲಲ್ಲಿ ತೂತು ಬಿದ್ದಿತ್ತು. ಒಂದೊಂದು ತುಂಡು ತಂದು ಅಂಗಳದಲ್ಲಿ ಇಟ್ಟಾಗಲೂ ಮನೆಯಲ್ಲಿ ಒಂದೊಂದು ಕೆಲಸ ನಿಲ್ಲುತ್ತಿತ್ತು. ಬಿಸಿನೀರಿಲ್ಲ, ಕೌದಿ ನೆಲದ ಮೇಲೆ, ಬಾವಿಗೆ ಕೊಡ ಇಳಿಸುವಂತಿಲ್ಲ. ಆ ವಾರ ನಮ್ಮ ಮನೆ ನಮ್ಮದಲ್ಲ ಅನ್ನಿಸಿತ್ತು.

ಆಳಂದದಿಂದ ಖಾಸೀಮ್ ಮಿಸ್ತ್ರಿ ಬಂದ. ಹೊಲದ ನೀರೆತ್ತುವ ಎಂಜಿನ್ನು ರಿಪೇರಿ ಮಾಡುವವನು. ಬಾಯಿ ಬಹಳ, ಕೆಲಸ ಅಷ್ಟಕ್ಕಷ್ಟೇ. ಹೈದರಾಬಾದಿನಲ್ಲಿ ಇಂಥ ಗಾಡಿಗಳನ್ನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ ಎಂದು ಮೊದಲ ಚಹಾದ ಜತೆಗೇ ಹೇಳಿದ. ಆಮೇಲೆ ಎಂಜಿನ್ನು ಹಗೇವಿನಲ್ಲಿದೆ ಎಂದು ತಿಳಿದಾಗ ಅವನ ಮಾತು ಕಡಿಮೆಯಾಯಿತು.

ಹಗೇವಿಗೆ ಸುಮ್ಮನೆ ಇಳಿಯುವಂತಿಲ್ಲ. ಮುಚ್ಚಿದ ಹಗೇವಿನೊಳಗಿನ ಗಾಳಿ ಮನುಷ್ಯನನ್ನು ಕೂಗಲೂ ಬಿಡದೆ ಮಲಗಿಸುತ್ತದೆ. ಹಿಂದಿನ ದಿನವೇ ಬಂಡೆ ಸರಿಸಿ ಬಿಟ್ಟಿದ್ದರು. ಮಧ್ಯಾಹ್ನದ ಉರಿಬಿಸಿಲಲ್ಲಿ ಅಪ್ಪ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಒಂದಾಳುದ್ದ ಇಳಿದಿತ್ತೋ ಇಲ್ಲವೋ, ದೀಪ ಆರಿತು. ಕೌದಿಯನ್ನು ಬಾಯಿಯೊಳಗೆ ಬಿಟ್ಟು ಬೀಸಿ ಬೀಸಿ ಗಾಳಿ ಆಡಿಸಿದರು. ಎರಡನೆಯ ಸಲ ದೀಪ ನೀಲಿಗೆ ತಿರುಗಿ, ಕುಗ್ಗಿ, ಮತ್ತೆ ನಿಂತಿತು. ಆದರೂ ಹೊಲದ ಆಳು ಇಳಿಯಲಾರೆ ಎಂದು ಕೈಮುಗಿದ. ಮಿಸ್ತ್ರಿ ತನ್ನ ಮೊಣಕಾಲು ತೋರಿಸಿದ.

"ಇಳೀತಿದ್ದೆ ರೀ, ಗೌಡ್ರ. ಕಸಂ ಸೇ. ಈ ಘುಟನಾ ಬರೋಬರಿ ಇಲ್ಲ ನೋಡ್ರಿ."

ಕಾಕಿ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡಳು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು, ಇಳಿದಳು. ಬಳೆಯ ಸಪ್ಪಳ ಕೆಳಗೆ ಹೋಗುತ್ತಾ ಹೋಗುತ್ತಾ ನಿಂತಿತು. ಎಂಜಿನ್ನಿಗೆ ಕಟ್ಟಲು ಇನ್ನೊಂದು ಹಗ್ಗ ಬಿಟ್ಟರು. ಅದು ಸಡಿಲವಾಗೇ ಬಿದ್ದಿತ್ತು. ಅಪ್ಪ ಕೂಗಿದ. ಉತ್ತರವಿಲ್ಲ. ಆಯಿ ಕೂಗಿದಳು. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ಅಳಲು ಶುರು ಮಾಡಿದಳು. ನಾನು ಹೊಟ್ಟೆಯ ಮೇಲೆ ಮಲಗಿ ಹಗೇವಿನ ಬಾಯಿಗೆ ತಲೆ ಹಾಕಿದೆ. ಒಳಗಿನಿಂದ ಹಳೆ ಜೋಳದ ಬಿಸಿ ಹವೆ ಮುಖಕ್ಕೆ ಬಡಿಯಿತು. ಕಂದೀಲು ಉರಿಯುತ್ತಿತ್ತು. ಎಂಜಿನ್ನಿನ ಪಕ್ಕ ಕಾಕಿ ಕುಕ್ಕರಗಾಲಲ್ಲಿ ಕೂತಿದ್ದಳು, ಕಣ್ಣು ಮುಚ್ಚಿತ್ತು, ಬಲಗೈ ಮೇಲೆ ಎತ್ತಿದ್ದಳು. ಆಯಿ ದಿನಾ ಎತ್ತುತ್ತಿದ್ದಳಲ್ಲ, ಥೇಟ್ ಹಾಗೆ. ಕಾಕಿ ಎಂದು ಕರೆದೆ. ಅವಳು ಕಣ್ಣು ತೆರೆದು, ಕೈ ಇಳಿಸಿ, ಏನೂ ಆಗಿಲ್ಲದವಳಂತೆ ಹಗ್ಗ ಕಟ್ಟತೊಡಗಿದಳು.

"ಎಳೀರಿ," ಎಂದಳು ಕೆಳಗಿನಿಂದ.

ಮೇಲೆ ಬಂದ ಎಂಜಿನ್ನು ಜಂಗು-ತುಕ್ಕು ಹಿಡಿದಿರಲಿಲ್ಲ. ಅದರ ಬದಲು ಒಳಗೆಲ್ಲ ಹಳದಿ ಅಂಟು, ಬೆಲ್ಲದ ಪಾಕ ಗಟ್ಟಿಯಾದ ಹಾಗೆ. ಪಿಸ್ಟನ್ ಅಲುಗಲಿಲ್ಲ. ಮಿಸ್ತ್ರಿ ಮೂಸಿ ನೋಡಿ ಹಣೆ ಚಚ್ಚಿಕೊಂಡ.

"ಯಾ ಅಲ್ಲಾ. ಇದರಾಗ ಕುಸುಬಿ ಎಣ್ಣಿ ಸುರದೋರು ಯಾರು ರೀ? ಕುಸುಬಿ ಎಣ್ಣಿ ಒಣಗಿದ್ರ ಸರಸ್ ಆಗ್ತದ. ಗೋಂದು."

ಆಯಿ ಬೇವಿನ ಮರದ ಕಡೆ ನೋಡುತ್ತಾ, ಯಾರಿಗೋ ಅಲ್ಲ ಎಂಬಂತೆ ಹೇಳಿದಳು.

"ಎಣ್ಣಿ ಹಚ್ಚಲಾರದ ಹ್ಯಾಂಗ ಇಡೂದು? ನೆಲದಾಗ ತಂಪ ಹತ್ತತದ. ನಮ್ಮ ಗಾಣದ್ದು, ಚೊಲೋ ಎಣ್ಣಿ ಒಂದು ಕೊಡ ಹಾಕಿದ್ದೆ."

ಬಿಚ್ಚಿ ಒಗೆಯಿರಿ ಎಂದವಳು, ಹಗೇವಿಗೆ ಇಳಿಸುವ ಮುಂಚೆ ಯಾರೂ ಕಾಣದಂತೆ ಅದಕ್ಕೆ ಎಣ್ಣೆ ಎರೆದಿದ್ದಳು, ಮಗನ ನೆತ್ತಿಗೆ ಎರೆದ ಹಾಗೆ. ನಮ್ಮ ಕಡೆಯವರಿಗೆ ಕುಸುಬಿ ಎಣ್ಣೆಯಿಂದ ಆಗದ ಔಷಧವಿಲ್ಲ: ಕೀಲುನೋವಿಗೆ ಅದೇ, ಬಂಡಿಯ ಅಚ್ಚಿಗೆ ಅದೇ, ಒಗ್ಗರಣೆಗೆ ಅದೇ. ಆ ಪ್ರೀತಿಯೇ ಎಂಜಿನ್ನನ್ನು ಕಟ್ಟಿಹಾಕಿತ್ತು. ಕಾಕಿ ಆಯಿಯ ಮುಖ ನೋಡಿದಳು. ನನಗನ್ನಿಸುತ್ತದೆ, ಅತ್ತೆಯ ಮೇಲಿನ ಅವಳ ಸಿಟ್ಟು ಇಳಿದದ್ದು ಆ ಗಳಿಗೆಯಲ್ಲೇ. ಬಚ್ಚಲ ಹಂಡೆಯಲ್ಲಿ ಚಿಮಣಿಎಣ್ಣೆ ಸುರಿದು ಎಂಜಿನ್ನಿನ ಭಾಗಗಳನ್ನು ನೆನೆಹಾಕಿದರು. ದಿನಾ ಅತ್ತೆ-ಸೊಸೆ ಎದುರುಬದುರು ಕೂತು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಸಂಜೆಯಾದರೆ ಆಯಿ ಕಪ್ಪು ಕೈಯನ್ನೇ ಎತ್ತುತ್ತಿದ್ದಳು. ದುಬ್, ದುಬ್, ದುಬ್. ಅಂಗಳದಲ್ಲಿ ಗಾಡಿ ಬಿಚ್ಚಿಕೊಂಡು ಬಿದ್ದಿದ್ದರೂ ಹಳ್ಳದ ಕಡೆಯಿಂದ ಅದು ಬರುತ್ತಲೇ ಇತ್ತು. ಮೊದಲ ಸಂಜೆ ಮಿಸ್ತ್ರಿಯೂ ಕೇಳಿಸಿಕೊಂಡ. ಆಮೇಲೆ ಅವನು ನಾಲ್ಕು ಗಂಟೆಗೇ ಬಸ್ಸು ಹಿಡಿದು ಆಳಂದಕ್ಕೆ ಹೋಗಿಬಿಡುತ್ತಿದ್ದ.

ಪಿಸ್ಟನ್ ಒಂದು ದಿನ ತನಗೆ ತಾನೇ ಜಾರಿತು. ಮಿಸ್ತ್ರಿ ಕಿಡಿ ಕೊಡುವ ಸುರುಳಿಯನ್ನು ಬಿಸಿಲಿಗೆ ಒಣಗಿಸಿದ, ತಪ್ಪಾಗಿ ಜೋಡಿಸಿದ, ಬೈದುಕೊಂಡು ಮತ್ತೆ ಜೋಡಿಸಿದ. ಗಾಲಿ ಏರಿದವು, ಹ್ಯಾಂಡಲ್ ಏರಿತು, ತೂತಿನ ಕೊಳವೆಯನ್ನೇ ಕಟ್ಟಿದರು. ಅದು ನೆಟ್ಟಗೆ ನಿಂತಾಗ ನಾನು ಮೊದಲ ಸಲ ಅದನ್ನು ಪೂರ್ತಿ ನೋಡಿದೆ. ಆಳಿಲ್ಲದ ಕುದುರೆ ನಿಂತ ಹಾಗಿತ್ತು. ದೀಪ ಹಚ್ಚುವ ಹೊತ್ತಿಗೇ ಚಾಲೂ ಮಾಡಬೇಕು ಎಂದು ಆಯಿಯ ಹುಕುಂ. ಮಿಸ್ತ್ರಿ ಹೂಂ ಅಂದ, ಬೇರೆ ದಾರಿ ಇರಲಿಲ್ಲ. ಆ ದಿನ ಆಯಿ ಮೈತೊಳೆದು, ಲಿಂಗಪೂಜೆ ಮಾಡಿಕೊಂಡು, ಹಣೆತುಂಬ ವಿಭೂತಿ ಹಚ್ಚಿ, ಮಗನ ತಾಟನ್ನು ತಾನೇ ಬಡಿಸಿ ಇಟ್ಟಿದ್ದಳು. ಹೋಳಿಗೆ ಮಾಡಿಸಿದ್ದಳು. ಕಾಕಿಗೆ ಹೊಸ ಸೀರೆ ಉಡಲು ಹೇಳಿದಳು. ಉಟ್ಟುಕೊಂಡಳು. ಇವತ್ತು ಸಪ್ಪಳ ಒಂದೇ ಆದರೆ ಈ ಮನೆಯಿಂದ ಅವಳಿಗೆ ಬಿಡುಗಡೆ ಇಲ್ಲ.

ಮಿಸ್ತ್ರಿ ಒದ್ದ. ಒದ್ದ, ಒದ್ದ, ಬಿಸ್ಮಿಲ್ಲಾ ಎಂದು ಇನ್ನೊಮ್ಮೆ ಒದ್ದ. ಗಾಡಿ ಕೆಮ್ಮಿ ಬಿಳಿ ಹೊಗೆ ಉಗುಳಿತು. ಆಮೇಲೆ ಹತ್ತಿತು. ಅಬ್ಬಾ, ಅದೇನು ಸಪ್ಪಳ. ದುಬ್ ಅಲ್ಲ, ಡುಬ್ ಅಲ್ಲ. ತಗಡು ಹರಿದಂತೆ, ಚಟಪಟ ಕಡಲೆ ಸಿಡಿದಂತೆ ಕರ್ಕಶ. ಎಮ್ಮೆ ಹಗ್ಗ ಹರಿದುಕೊಂಡಿತು. ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಹೊಗೆಯಲ್ಲಿ ಚಿಮಣಿಎಣ್ಣೆ, ಕುಸುಬಿ, ಒಲೆಯ ಬೂದಿ, ಎಲ್ಲದರ ವಾಸನೆ ಇತ್ತು. ಅಪ್ಪ ಕಂಬ ಹಿಡಿದು ನಿಂತಿದ್ದ, ಅವನ ಬೆರಳು ಅಲುಗಲಿಲ್ಲ. ಆಯಿ ಹತ್ತಿರ ಹೋಗಿ ನಡುಗುವ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಬಾಗಿಲ ಕಡೆ ಮುಖ ಮಾಡಿ ನಿಂತಳು. ಬಹಳ ಹೊತ್ತು ನಿಂತಳು. ಬಾಗಿಲಲ್ಲಿ ಓಣಿಯ ಮಂದಿ ಕೂಡಿದ್ದರು. ಅವರನ್ನು ಸರಿಸಿಕೊಂಡು ಒಳಗೆ ಬರುವವನು ಬರಲಿಲ್ಲ.

"ಬಂದ್ ಮಾಡು," ಎಂದಳು.

ಮಿಸ್ತ್ರಿ ಬಂದ್ ಮಾಡಿದ. ಆಯಿ ಬಲಗೈ ಎತ್ತಿದಳು. ಅಂಗಳ, ಓಣಿ, ದನ, ಎಲ್ಲವೂ ಸುಮ್ಮನಾದವು. ನಾವು ಹಳ್ಳದ ಕಡೆ ಕಿವಿ ಕೊಟ್ಟೆವು. ಏನೂ ಇರಲಿಲ್ಲ. ನಾನು ಹುಟ್ಟಿದ ಮೇಲೆ ಮೊದಲ ಸಲ ಆ ಹೊತ್ತು ಖಾಲಿಯಿತ್ತು. ಸಪ್ಪಳಕ್ಕೆ ಹೆದರುತ್ತಿದ್ದವಳು ನಾನು, ಅದು ಇಲ್ಲದ್ದಕ್ಕೆ ಹೆಚ್ಚು ಹೆದರಿದೆ.

"ನಿನಗೇನರ ಕೇಳಸ್ತೇನ, ಶರಣಿ?" ಎಂದು ಆಯಿ ನನ್ನನ್ನೇ ಕೇಳಿದಳು.

"ಇಲ್ಲ ಆಯಿ."

"ನಿನಗ, ಕಸ್ತೂರಿ?"

"ಇಲ್ರಿ ಅತ್ತಿ."

ಮಿಸ್ತ್ರಿಗೆ ಮುದುಕಿಯ ಮೇಲೆ ಕರುಣೆ ಬಂದಿರಬೇಕು. ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಪೈಪ್ ತೂತ ಬಿದ್ದದ. ಅದಕ್ಕ ಆವಾಜ್ ಹಿಂಗ ಬಂತು. ಹೊಸ ಪೈಪ್ ಹಾಕಿದ್ರ ಮೊದಲಿನಂಗ ಆಗಬಹುದು."

ಅದು ನಿಜವೂ ಇರಬಹುದಿತ್ತು. ಆಯಿ ಬಯಸಿದ್ದರೆ ಅಷ್ಟೇ ಮಾತನ್ನು ಹಿಡಿದು ಕಾಕಿಯನ್ನು ಇನ್ನೊಂದು ಜನ್ಮ ಕೂರಿಸಬಹುದಿತ್ತು.

"ಸಾಕು ಮಿಸ್ತ್ರಿ. ಪೈಪಿಂದ ಬ್ಯಾಡ. ಗಾಡಿ ಕರೀತು. ಅಂವ ಇದ್ದಿದ್ರ ಬರತಿದ್ದ."

ಅವಳು ಒಳಗೆ ಹೋಗಿ ಬಾಗಿಲ ಮಗ್ಗುಲಿನ ತಾಟು ತಂದಳು. ಮೇಲಿನ ತಾಟು ತೆಗೆದಳು. ಪಡಸಾಲೆಯಲ್ಲಿ ಮಣೆ ಹಾಕಿ, ಕಾಕಿಯ ರಟ್ಟೆ ಹಿಡಿದು ಕೂರಿಸಿ, ತಾಟನ್ನು ಅವಳ ಮುಂದೆ ಇಟ್ಟಳು.

"ಉಣ್ಣು. ಆರತದ."

ಅಷ್ಟು ವರ್ಷ ಎಮ್ಮೆಗೆ ಬಿದ್ದ ತಾಟು ಅದು. ಕಾಕಿ ಹೋಳಿಗೆ ಮುರಿದಳು, ಬಾಯಿಗಿಟ್ಟಳು, ಅಗಿಯಲಾಗಲಿಲ್ಲ. ಆಯಿ ಅವಳ ಬೆನ್ನ ಮೇಲೆ ಕೈಯಾಡಿಸುತ್ತಾ ತುಪ್ಪ ಹಾಕಿದಳು, ಹಾಲು ಹಾಕಿದಳು. ಕಾಕಿ ಅಳುತ್ತಾ ಪೂರ್ತಿ ಉಂಡಳು. ನಾವೆಲ್ಲ ನಿಂತು ನೋಡಿದೆವು. ಆಯಿ ಅಳಲಿಲ್ಲ. ಮರುದಿನ ಮಠದ ಅಯ್ಯನವರನ್ನು ಕರೆಸಿ ಕಾಕಾನ ಹೆಸರಿನಲ್ಲಿ ಹೊಲದಲ್ಲಿ ಗುಣಿ ತೋಡಿಸಿದರು. ಮೈ ಇಲ್ಲದ್ದಕ್ಕೆ ವಿಭೂತಿ ಗಟ್ಟಿ, ಬಿಲ್ವಪತ್ರೆ ಇಟ್ಟರು. ಆಯಿ ಹ್ಯಾಂಡಲಿನಿಂದ ಕಿತ್ತ ಒಂದು ರಬ್ಬರಿನ ಹಿಡಿಯನ್ನು ತಂದಿದ್ದಳು, ಕಾಕಾನ ಬೆರಳು ಕೂತು ಕೂತು ಅದು ಸವೆದಿತ್ತು. ಅದನ್ನೂ ಒಳಗೆ ಇಟ್ಟು ಮಣ್ಣು ಎಳೆದಳು. ಗಾಡಿಯನ್ನು ಮಿಸ್ತ್ರಿ ಟೆಂಪೋದಲ್ಲಿ ಹಾಕಿಕೊಂಡು ಹೋದ. ಅವ್ವ ಟ್ಯಾಂಕಿನ ಬದಲು ಡಬ್ಬಿ ಕೊಂಡಳು. ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಮಾತಾಡಬಹುದಾಗಿತ್ತು. ಆದರೆ ಬಹಳ ದಿನ ಯಾರಿಗೂ ಏನು ಮಾತಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕಾಕಿಯ ಉಡಿಕಿಯಾಯಿತು. ಆಯಿಯೇ ಉಡಿ ತುಂಬಿ, ಕುಂಕುಮ ಹಚ್ಚಿ ಕಳಿಸಿದಳು. ಆ ಕೈ ತಡೆಯಲಿಲ್ಲ.

ನನ್ನ ಮದುವೆಯಾಗಿ, ಆಯಿಯೂ ಹೋದ ಮೇಲೆ, ಒಂದು ಸಲ ಜೇವರ್ಗಿಯಲ್ಲಿ ಬಸ್ಸು ಬದಲಿಸಿ ನೆಲೋಗಿಗೆ ಕಾಕಿಯನ್ನು ನೋಡಲು ಹೋದೆ. ಮೈ ತುಂಬಿಕೊಂಡಿದ್ದಳು. ಗಂಡ ಮೆತ್ತಗಿನ ಮನುಷ್ಯ, ಎರಡು ಮಕ್ಕಳು, ಅಂಗಳದಲ್ಲಿ ತೊಗರಿಯ ರಾಶಿ. ಹರಟುತ್ತಾ ಹರಟುತ್ತಾ ಹೊತ್ತು ಮುಳುಗಿತು. ಕಾಕಿ ಮಾತಿನ ನಡುವೆಯೇ ಎದ್ದು ದೀಪ ಹಚ್ಚಿದಳು. ಹಚ್ಚಿದವಳು 'ಆಮ್ಯಾಲ ಏನಾತಂದ್ರ' ಎಂದು ಶುರು ಮಾಡಿದ ಮಾತನ್ನು ಅಲ್ಲೇ ಬಿಟ್ಟಳು. ಅವಳ ಬಲಗೈ ಭುಜದ ತನಕ ಎದ್ದಿತ್ತು. ನಾನು ನೋಡಿದೆ ಎಂದು ತಿಳಿದು ಆ ಕೈಯಿಂದ ಕೂದಲು ಸರಿಮಾಡಿಕೊಂಡಳು. ಹಗೇವಿನೊಳಗಿನ ಕಂದೀಲು ನನ್ನ ಕಣ್ಣಿಗೆ ಕಟ್ಟಿತು. ನಾನು ಬಾಯಿ ಮುಚ್ಚುವವಳಲ್ಲ ಎಂದು ಮೊದಲೇ ಹೇಳಿದ್ದೇನೆ.

"ಕಾಕಿ, ನಿನಗ ಕೇಳಸ್ತಿತ್ತು, ಹೌದಲ್ಲ?"

ಅವಳು ಹೊರಗೆ ನೋಡಿದಳು. ಗಂಡ ತೊಗರಿಯ ರಾಶಿಗೆ ತಾಡಪತ್ರಿ ಹೊದಿಸುತ್ತಿದ್ದ. ದನಿ ಇಳಿಸಿ ಮಾತಾಡಿದಳು.

"ಮೊದಲನೇ ಸಂಜಿಯಿಂದ ಕೇಳಸ್ತಿತ್ತು ಶರಣಿ. ಅತ್ತಿಗಿಂತ ಮೊದಲ ನನಗ ಕೇಳಸ್ತು. ಹೌದಂದಿದ್ರ ಅಂವ ಯಾವಾಗ ಸಾಯ್ತಿದ್ದ, ನಾ ಯಾವಾಗ ಬದಕ್ತಿದ್ದೆ? ಹಗೇದಾಗ ಇಳದೆ ನೋಡು, ಅಲ್ಲಿ ನೀವು ಕೂಗಿದ್ದು ನನಗ ಕೇಳಸಲಿಲ್ಲ. ಅದು ಮಾತ್ರ ಕೇಳಸ್ತು. ಅಷ್ಟು ಕೆಳಗೂ. ಅವಾಗ ತಿಳೀತು, ಅದು ಹಳ್ಳದ ದಾರಿಲಿಂದ ಬರೂದಲ್ಲ ಅಂತ."

"ಗಾಡಿ ಚಾಲೂ ಮಾಡಿದ ಸಂಜಿ? ನಮಗ್ಯಾರಿಗೂ ಏನೂ ಕೇಳಸಲಿಲ್ಲ."

"ನಿಮಗ ಕೇಳಸಲಿಲ್ಲ. ನನಗ ಅವತ್ತೂ ಕೇಳಸ್ತು."

'ಇವತ್ತು?' ಎಂದು ಕೇಳಲು ಬಾಯಿ ಬರಲಿಲ್ಲ. ನನ್ನ ಬಾಯಿಯೂ ಒಂದೊಂದು ಸಲ ಮುಚ್ಚುತ್ತದೆ. ಕೇಳದಿದ್ದರೂ ಅವಳೇ ಹೇಳಿದಳು.

"ಈಗೂ ಕೇಳಸ್ತದ. ಕೇಳಸಲಿ ಬಿಡು. ನಾ ತಾಟ ಬಡಸಂಗಿಲ್ಲ, ಅಷ್ಟ."

ಆಮೇಲೆ ಗಂಡನನ್ನೂ ಮಕ್ಕಳನ್ನೂ ಊಟಕ್ಕೆ ಕೂಗಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ತಾಟುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮನೆಯಲ್ಲಿ ಇದ್ದವರಿಗೆ ಎಷ್ಟು ಬೇಕೋ ಅಷ್ಟೇ ಇದ್ದವು.